‘ಡಬ್ಬಾ ಒಂದೇ ಕಳಿಸಿ’: ಸರೋಜಿನಿ ನಗರದ ಡಿಜೆಗಳ ಪಾಡು



2015ರಲ್ಲಿ ಬಾದ್‌ಶಾ ಅವರ ‘ಡಿಜೆ ವಾಲೆ ಬಾಬು’ ಬಂತು, ನೆನಪಿರಬೇಕು. ಹಾಡಿನ ವಿಷಯ ಇಷ್ಟೇ: ಹುಡುಗಿ ಡಿಜೆ ಹತ್ರ ನನ್ನ ಹಾಡು ಹಾಕಪ್ಪ ಅಂತ ಕೇಳ್ಕೊಳ್ಳೋದು. ಮರುವರ್ಷ ಸೆಪ್ಟೆಂಬರ್‌ನಲ್ಲಿ ಜಿಯೋ ಬಂತು. ಸಾವನ್, ಗಾನಾ ಮೊದಲೇ ಇದ್ದವು. 2019ರ ಫೆಬ್ರವರಿಯಲ್ಲಿ ಸ್ಪಾಟಿಫೈ, ಮಾರ್ಚ್‌ನಲ್ಲಿ ಯೂಟ್ಯೂಬ್ ಮ್ಯೂಸಿಕ್ ಇಲ್ಲಿಗೆ ಬಂದವು. ನಾಲ್ಕು ವರ್ಷದೊಳಗೆ ಆ ಹುಡುಗಿ ಯಾರನ್ನೂ ಕೇಳ್ಕೋಬೇಕಾದ ಅಗತ್ಯವೇ ಉಳಿಲಿಲ್ಲ. ಹಾಡು ಅವಳ ಕೈಯಲ್ಲೇ ಇತ್ತು. ಕೇಳಿಸಿಕೊಳ್ತಿದ್ದ ಬಾಬು ಏನಾದ? ಇವತ್ತಿನ ಮಾತು ಅವನ ಬಗ್ಗೆ.

ನಾನಿರೋದು ಸರೋಜಿನಿ ನಗರಕ್ಕೆ ಅಂಟಿಕೊಂಡಿರೋ ಪಿಲಂಜಿಯಲ್ಲಿ. ನಮ್ಮವರಿಗೆ ಸರೋಜಿನಿ ಅಂದ್ರೆ ಎಕ್ಸ್‌ಪೋರ್ಟ್ ಸರ್‌ಪ್ಲಸ್ ಬಟ್ಟೆ, ಚೌಕಾಸಿ, ಸೋಮವಾರ ರಜೆ. ಮಾರ್ಕೆಟ್ ಪಕ್ಕದಲ್ಲೇ ಕೇಂದ್ರ ಸರ್ಕಾರದ ಕ್ವಾರ್ಟರ್ಸ್ ಇತ್ತು ಅನ್ನೋದು ಈಗ ಬಂದವರಿಗೆ ಗೊತ್ತಾಗೋದಿಲ್ಲ. ಮನೆ ಮುಂದೆ ಹುಲ್ಲು, ಅದರ ಮೇಲೆ ಶಾಮಿಯಾನ, ಮಗುವಿನ ಬರ್ತ್‌ಡೇ, ಮಗಳ ಸಂಗೀತ್. ನಮ್ಮ ಗಲ್ಲಿಯಲ್ಲಿ ಡಿಜೆ ಕೆಲಸ ಮಾಡೋ ಒಬ್ಬ ಹುಡುಗ ಇದ್ದಾನೆ. ಅವನ ಅಪ್ಪ ಟೆಂಟ್ ಮತ್ತು ಲೈಟ್ ಬಾಡಿಗೆಗೆ ಕೊಡ್ತಿದ್ದವರು. ನಮ್ಮ ಊರಲ್ಲಿ ‘ಶಾಮಿಯಾನ, ಮೈಕ್‌ಸೆಟ್, ಸೀರಿಯಲ್ ಸೆಟ್ ಬಾಡಿಗೆಗೆ ದೊರೆಯುತ್ತದೆ’ ಅಂತ ಬೋರ್ಡ್ ಇರ್ತಿತ್ತಲ್ಲ, ಅದೇ ಕಸುಬು. ಇವನು ಸಾಲ ಮಾಡಿ ಎರಡು ಟಾಪ್, ಎರಡು ಬೇಸ್, ಆಂಪ್ಲಿಫೈಯರ್, ಒಂದು ಕಂಟ್ರೋಲರ್ ತಗೊಂಡ. ಸಾಮಾನು ಸಾಗಿಸೋಕೆ ಟೆಂಪೋ ಬಾಡಿಗೆ.

ಅವನ ಬಾಯಲ್ಲೇ ಕೇಳಿದ್ದು: ‘ಭಯ್ಯಾ, ಮೊದಲು ಸಾಮಾನಿನ ಜೊತೆ ನನ್ನನ್ನೂ ಕರೀತಿದ್ರು. ಈಗ ಡಬ್ಬಾ ಒಂದೇ ಕಳಿಸಿ ಅಂತಾರೆ.’ ಡಬ್ಬಾ ಅಂದ್ರೆ ಪಾರ್ಟಿ ಸ್ಪೀಕರ್. ಅವನೇ ಎರಡು ಕೊಂಡಿಟ್ಟಿದ್ದಾನೆ. ಸ್ಕೂಟಿ ಮೇಲೆ ಸಂಜೆ ಇಳಿಸಿ ಬರ್ತಾನೆ, ಬೆಳಿಗ್ಗೆ ಎತ್ಕೊಂಡು ಬರ್ತಾನೆ. ಸ್ಪೀಕರ್ ಬಾಡಿಗೆಯಲ್ಲಿ ಸಾಲದ ಕಂತು ಕಟ್ಟಬಹುದು, ಮನೆ ನಡೆಸೋಕಾಗಲ್ಲ.

ಇಷ್ಟಕ್ಕೆಲ್ಲ ಸ್ಪಾಟಿಫೈಯೇ ಕಾರಣ ಅಂದ್ರೆ ನಾನು ಒಪ್ಪೋದಿಲ್ಲ. ಆ ಕ್ವಾರ್ಟರ್ಸನ್ನು ಒಡೆದು ಎನ್‌ಬಿಸಿಸಿ ಬಹುಮಹಡಿ ಕಟ್ಟಡ ಕಟ್ತಿದೆ. ಪಕ್ಕದ ನೌರೋಜಿ ನಗರ, ನೇತಾಜಿ ನಗರದ್ದೂ ಅದೇ ಕಥೆ. ಅಂದ್ರೆ ಅವನ ಗಿರಾಕಿಗಳೇ ಊರು ಬಿಟ್ರು. ಆಪ್ ತಿಂದಿದ್ದೆಷ್ಟು, ಬುಲ್ಡೋಜರ್ ತಿಂದಿದ್ದೆಷ್ಟು ಅಂತ ಲೆಕ್ಕ ಹಾಕೋದು ಕಷ್ಟ.

ಡಬ್ಬಾ ಯಾಕೆ ಗೆಲ್ತು ಅಂತ ನೋಡೋಣ. ಜೆಬಿಎಲ್ ಪಾರ್ಟಿಬಾಕ್ಸ್ 110 ತಗೊಳ್ಳಿ. 160 ವಾಟ್, ಬ್ಯಾಟರಿ 12 ಗಂಟೆ ಬರುತ್ತೆ ಅಂತಾರೆ, ಲೈಟೂ ಅದರಲ್ಲೇ. ನಾವು ಮೂವತ್ತು ಜನ ಟೆರೇಸ್ ಮೇಲೆ ಕುಣಿಯೋಕೆ ಧಾರಾಳ ಸಾಕು. ನಾಲ್ಕು ಜನ ದುಡ್ಡು ಹಾಕಿದ್ರೆ ಸ್ವಂತಕ್ಕೇ ಬರುತ್ತೆ. ಸ್ಪಾಟಿಫೈಯಲ್ಲಿ ಕ್ರಾಸ್‌ಫೇಡ್ 12 ಸೆಕೆಂಡ್ ತನಕ ಇಟ್ಕೊಬಹುದು, ಒಂದು ಹಾಡು ಇನ್ನೊಂದರೊಳಗೆ ಕರಗುತ್ತೆ. ಬೀಟಿಗೆ ಬೀಟ್ ಕೂಡಲ್ಲ, ಆದ್ರೆ ಟೆರೇಸ್ ಮೇಲೆ ಅದನ್ನ ಯಾರು ನೋಡ್ತಾರೆ?

ಮುನ್ನೂರು ಜನರ ಮದುವೆಗೆ ಇದೇ ಡಬ್ಬಾ ತಂದ್ರೆ ಬಂಡವಾಳ ಬಯಲು. ಬಯಲಲ್ಲಿ ದೂರ ಎರಡು ಪಟ್ಟಾದ್ರೆ ಶಬ್ದ ಸುಮಾರು 6 ಡೆಸಿಬಲ್ ಇಳಿಯುತ್ತೆ. ವಾಟ್ ದುಪ್ಪಟ್ಟು ಮಾಡಿದ್ರೆ ವಾಪಸ್ ಸಿಗೋದು 3 ಮಾತ್ರ. ವಾಲ್ಯೂಮ್ ಎತ್ತುತ್ತಾ ಹೋದ್ರೆ ಮುಂದಿನ ಸಾಲಿನವರಿಗೆ ಕಿವಿನೋವು, ಹಿಂದಿನವರಿಗೆ ಗೊಣಗಾಟ. ಸಾಲದ್ದಕ್ಕೆ ಮಂಟಪದಲ್ಲಿ ಎಲ್ಲರೂ ರೀಲ್ಸ್ ಹಾಕೋವಾಗ ನೆಟ್‌ವರ್ಕ್ ಕೂತ್ಬಿಡುತ್ತೆ. ಇನ್ನು ದುಡ್ಡು ಕಟ್ಟದ ಅಕೌಂಟ್ ಆದ್ರೆ, ಮದುಮಗಳು ಸ್ಟೇಜ್ ಹತ್ತೋ ಹೊತ್ತಿಗೆ ಸರಿಯಾಗಿ ಜಾಹೀರಾತು!

ನಮ್ಮ ಹುಡುಗನ ಲ್ಯಾಪ್‌ಟಾಪ್‌ನಲ್ಲಿ ಹಾಡುಗಳು ಫೈಲ್ ರೂಪದಲ್ಲೇ ಇವೆ. 2020ರ ಜುಲೈ 1ರಿಂದ ಸ್ಪಾಟಿಫೈ ಬೇರೆ ಕಂಪನಿಗಳ ಡಿಜೆ ಸಾಫ್ಟ್‌ವೇರ್‌ಗಳಿಂದ ಕೈ ತೆಗೀತು, ಅದನ್ನೇ ನಂಬಿದ್ದವರು ರಾತ್ರೋರಾತ್ರಿ ಬೇರೆ ದಾರಿ ಹುಡುಕಬೇಕಾಯ್ತು. ಬ್ಲೂಟೂತನ್ನ ಅವನು ಮುಟ್ಟೋದೇ ಇಲ್ಲ. ಬಟನ್ ಒತ್ತಿದ್ಮೇಲೆ ಶಬ್ದ ಒಂದು ಕ್ಷಣ ತಡವಾಗಿ ಬಂದ್ರೂ ಮಿಕ್ಸ್ ಕೆಡುತ್ತೆ. ಹಾಗಾಗಿ ಇವತ್ತಿಗೂ ವೈರೇ.

ಆದ್ರೆ ಅವನ ನಿಜವಾದ ಕಸುಬು ವೈರಲ್ಲೂ ಇಲ್ಲ, ವಾಟಲ್ಲೂ ಇಲ್ಲ. ಒಂದು ರಿಸೆಪ್ಷನ್‌ನಲ್ಲಿ ಅವನ ಪಕ್ಕ ನಿಂತು ನೋಡಿದ್ದೀನಿ. ಊಟದ ಕೌಂಟರ್ ತೆರೆದ ತಕ್ಷಣ ಜೋರು ಹಾಡು ನಿಲ್ಲಿಸಿದ. ಯಾಕೆ ಅಂದೆ. ‘ಒಳ್ಳೇ ಹಾಡು ಈಗ ವೇಸ್ಟ್ ಆಗುತ್ತೆ, ಎಲ್ಲರ ಕೈಯಲ್ಲಿ ಪ್ಲೇಟ್ ಇದೆ’ ಅಂದ. ಆಮೇಲೆ ಮೂಲೆಯಲ್ಲಿ ಕೂತಿದ್ದ ಅತ್ತೆಯಂದಿರ ಕಡೆ ನೋಡಿ, ಅವರ ಕಾಲದ ಒಂದು ಹಳೇ ಹಾಡು ಬಿಟ್ಟ. ಇಬ್ಬರು ಎದ್ರು, ಅವರ ಹಿಂದೆ ಎಂಟು ಜನ. ಆಪ್‌ಗೆ ನನ್ನ ಇಷ್ಟ ಗೊತ್ತು, ಎದುರಿಗಿರೋ ಜನ ಕಾಣಲ್ಲ. ಅದು ಕಾಣೋ ತನಕ ಇವನ ಕೆಲಸ ಇದೆ ಅಂತ ನನ್ನ ನಂಬಿಕೆ. ಆದ್ರೆ ಆ ಕಣ್ಣಿಗೆ ದುಡ್ಡು ಕೊಡೋವ್ರು ಕಮ್ಮಿಯಾಗ್ತಿದ್ದಾರೆ. ದೊಡ್ಡ ಮದುವೆಯವರು ಎಲ್‌ಇಡಿ ಗೋಡೆ ಇರೋ ದೊಡ್ಡ ಕಂಪನಿಗೆ ಹೋಗ್ತಾರೆ, ಸಣ್ಣವರು ಡಬ್ಬಾಗೆ. ನಡುವೆ ಸಿಕ್ಕಿಹಾಕ್ಕೊಂಡೋನು ಇವನು.

ಹಾಗಂತ ಡಿಜೆಗಳೇನು ಸಾಧುಗಳಲ್ಲ. ಇದೇ ದಿಲ್ಲಿಯಲ್ಲಿ ಬಾರಾತಿನ ಬ್ರಾಸ್ ಬ್ಯಾಂಡ್‌ನವರ ಅನ್ನಕ್ಕೆ ಇವರೇ ಕೈ ಹಾಕಿದ್ರು. ನಮ್ಮ ಕಡೆ ಗಣೇಶನ ಮೆರವಣಿಗೆಗೆ ಎಷ್ಟೋ ಜಿಲ್ಲೆಗಳಲ್ಲಿ ಡಿಜೆ ನಿಷೇಧ ಆದ್ಮೇಲೆ ತಮಟೆ, ಡೊಳ್ಳಿನವರಿಗೆ ಮತ್ತೆ ಕರೆ ಬರ್ತಿದೆ. ಅದು ನನಗೆ ಖುಷಿಯ ವಿಷಯವೇ.

ನಮ್ಮಂಥ ಕನ್ನಡಿಗರಿಗೆ ಸ್ಟ್ರೀಮಿಂಗ್‌ನಿಂದ ಲಾಭ ಆಗಿದ್ದೂ ನಿಜ. ಮೊದಲು ದಿಲ್ಲಿ ಡಿಜೆ ಹತ್ರ ಕನ್ನಡ ಹಾಡೇ ಇರ್ತಿರಲಿಲ್ಲ. ನಾವು ಪೆನ್‌ಡ್ರೈವ್ ಕೊಟ್ರೆ ಒಂದು ಹಾಕಿ ಮತ್ತೆ ಪಂಜಾಬಿಗೆ ಹಾರ್ತಿದ್ದ. ಈಗ ಪಿಲಂಜಿಯ ಈ ಹುಡುಗ ಫೋನಲ್ಲಿ ಕೇಳಿ ಕೇಳಿ ‘ರ‍್ಯಾಂಬೋ 2’ರ ‘ಚುಟು ಚುಟು’, ‘ಟಗರು’ ಚಿತ್ರದ ಶೀರ್ಷಿಕೆ ಗೀತೆ ಎಲ್ಲಿ ಕತ್ತರಿಸಬೇಕು ಅಂತ ತಿಳ್ಕೊಂಡಿದ್ದಾನೆ. ಪದದ ಅರ್ಥ ಗೊತ್ತಿಲ್ಲ, ಬೀಟ್ ಗೊತ್ತು.

ನೀವು ಪಾರ್ಟಿ ಮಾಡೋರಾದ್ರೆ ಎರಡು ಕಾನೂನು ತಿಳ್ಕೊಂಡಿರಿ. 1957ರ ಕೃತಿಸ್ವಾಮ್ಯ ಕಾಯ್ದೆಯ 52(1)(ಝಡ್‌ಎ) ಪ್ರಕಾರ ಮದುವೆ ಮತ್ತು ಅದಕ್ಕೆ ಸಂಬಂಧಪಟ್ಟ ಸಂಭ್ರಮದಲ್ಲಿ ಹಾಡು ಹಾಕೋಕೆ ಲೈಸೆನ್ಸ್ ಬೇಕಿಲ್ಲ. 2023ರ ಜುಲೈನಲ್ಲಿ ಕೇಂದ್ರ ಸರ್ಕಾರ ಇದನ್ನೇ ಮತ್ತೆ ಸ್ಪಷ್ಟಪಡಿಸಿತು. ಆದ್ರೆ ಆಫೀಸ್ ಪಾರ್ಟಿಗೆ ಈ ರಿಯಾಯಿತಿ ಇಲ್ಲ. ಅಲ್ಲಿ ಎಚ್‌ಆರ್‌ನವರು ತಮ್ಮ ಸ್ವಂತ ಸ್ಪಾಟಿಫೈ ಅಕೌಂಟ್ ಹಾಕಿದ್ರೆ ಆ ಆಪ್‌ನ ಷರತ್ತನ್ನೂ ಮುರಿದಂಗೆ. ಎರಡನೇದು, ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಬಯಲಲ್ಲಿ ಧ್ವನಿವರ್ಧಕ ಹಾಕಂಗಿಲ್ಲ. ಡಬ್ಬಾ ಚಿಕ್ಕದು ಅಂತ ವಿನಾಯಿತಿ ಸಿಗಲ್ಲ, ವಸತಿ ಪ್ರದೇಶದ ರಾತ್ರಿ ಮಿತಿ 45 ಡೆಸಿಬಲ್.

ಈ ನವೆಂಬರ್‌ಗೆ ನಾವು ಹತ್ತಿಪ್ಪತ್ತು ಮನೆಯವರು ಸೇರಿ ರಾಜ್ಯೋತ್ಸವ ಮಾಡ್ತಿದ್ದೀವಿ. ಡಬ್ಬಾ ಸಾಕು ಅಂದವರೇ ಹೆಚ್ಚು. ಮಾತುಕತೆ ಆಗಿ ಹುಡುಗನನ್ನೇ ಕರೆಯೋದು ಅಂತಾಯ್ತು: ಸಂಜೆ 6ರಿಂದ 10, ಎರಡು ಟಾಪ್, ಒಂದು ಬೇಸ್, ಅಡ್ವಾನ್ಸ್ ಅರ್ಧ. ಅವನಾಗಲೇ ಕೇಳಿದ್ದಾನೆ, ವಯಸ್ಸಾದವರು ಎಷ್ಟು ಜನ ಬರ್ತಾರೆ, ಊಟ ಎಷ್ಟು ಗಂಟೆಗೆ ಅಂತ.