ಮಕ್ಕಳಿಗೆ ಬೆಲೆ ಕಟ್ಟುವವರು
(ಶತಮಾನೋತ್ಸವದ ವಿಚಾರಗೋಷ್ಠಿಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ಯಾಕೋಬನ ಮಕ್ಕಳು ತಮ್ಮ ಒಡಹುಟ್ಟಿದ ಜೋಸೆಫನನ್ನು ಇಪ್ಪತ್ತು ಬೆಳ್ಳಿ ನಾಣ್ಯಗಳಿಗೆ ವರ್ತಕರಿಗೆ ಮಾರಿದ ವೃತ್ತಾಂತವನ್ನು ನೀವೆಲ್ಲರೂ ಬಲ್ಲಿರಿ. ಮಾರಿದವರು ಅಪರಿಚಿತರಲ್ಲ, ಸ್ವಂತ ಅಣ್ಣಂದಿರು. ಮಾನವ ಕಳ್ಳಸಾಗಣೆ ಇಂದಿಗೂ ಅನೇಕ ವೇಳೆ ಇದೇ ರೀತಿ ನಡೆಯುತ್ತದೆ. ಪಟ್ಟಣದಲ್ಲಿ ಒಳ್ಳೆಯ ಕೆಲಸವಿದೆಯೆಂದು ನಂಬಿಸಿ, ಬಡ ತಂದೆಯ ಕೈಗೆ ಮುಂಗಡ ಹಣವಿಟ್ಟು ಮಗುವನ್ನು ಕರೆದೊಯ್ಯುವವನು ಪರಿಚಿತನೇ ಆಗಿರುತ್ತಾನೆ.

ನಮ್ಮಲ್ಲಿ ಕಾನೂನುಗಳಿಲ್ಲವೆಂದಲ್ಲ. ಸಂವಿಧಾನದ 23ನೆಯ ಅನುಚ್ಛೇದವು ಮನುಷ್ಯರ ವ್ಯಾಪಾರವನ್ನು ನಿಷೇಧಿಸಿದೆ. ಜೀತಪದ್ಧತಿ 1976ರ ಕಾಯಿದೆಯಿಂದ ರದ್ದಾಗಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 143ನೆಯ ಪ್ರಕರಣದಂತೆ, ಮಗುವನ್ನು ಸಾಗಿಸಿದವನಿಗೆ ಕನಿಷ್ಠ 10 ವರ್ಷಗಳ ಸೆರೆವಾಸ ಉಂಟು. ಅದು ಜೀವಾವಧಿಯವರೆಗೂ ವಿಸ್ತರಿಸಬಹುದು. ಆದರೆ 2018ರಲ್ಲಿ ಲೋಕಸಭೆ ಒಪ್ಪಿದ ಸಮಗ್ರ ಮಸೂದೆಯು ರಾಜ್ಯಸಭೆಯನ್ನು ದಾಟದೆ 2019ರಲ್ಲಿ ಬಿದ್ದುಹೋಯಿತು. ಆದುದರಿಂದ ರಾಜ್ಯಗಳ ಹೊಣೆ ಹಿರಿದು.

ಈ ಹೊಣೆಯನ್ನು ಕರ್ನಾಟಕ ಕೆಲಮಟ್ಟಿಗೆ ಹೊತ್ತಿದೆ. ಬಾಲ್ಯವಿವಾಹವು ಆದಿಯಿಂದಲೇ ಅಸಿಂಧುವೆಂದು ನಮ್ಮ ರಾಜ್ಯ ತಂದ ತಿದ್ದುಪಡಿಯನ್ನು 2017ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಮೆಚ್ಚಿ, ಇತರ ರಾಜ್ಯಗಳಿಗೆ ಮಾದರಿಯಾಗಿ ತೋರಿಸಿತು. ದೇವದಾಸಿ ಸಮರ್ಪಣೆಯನ್ನು ನಿಷೇಧಿಸಿದ 1982ರ ಕಾಯಿದೆಯ ಕಥೆ ಬೇರೆ. ಮಗಳನ್ನು ಸಮರ್ಪಿಸಿದ ತಂದೆತಾಯಿಗಳಿಗೆ ಅದು 2ರಿಂದ 5 ವರ್ಷಗಳ ಸೆರೆವಾಸ ವಿಧಿಸಿತು. ಹೆತ್ತವಳ ವಿರುದ್ಧ ಸಾಕ್ಷಿ ಹೇಳಿ ಆ ಮಗು ಯಾರ ಮನೆಗೆ ಹೋಗಬೇಕು? ಶಿಕ್ಷೆಯೊಂದರಿಂದಲೇ ಬಿಡುಗಡೆ ಸಾಧ್ಯವಿಲ್ಲ. ನೆಲೆ, ವಿದ್ಯೆ, ಜೀವನೋಪಾಯಗಳೂ ಬೇಕು. 2025ರಲ್ಲಿ ವಿಧಾನಸಭೆ ಅಂಗೀಕರಿಸಿದ ಹೊಸ ಮಸೂದೆಯು ಪರಿಹಾರ, ಪುನರ್ವಸತಿಗಳನ್ನು ತನ್ನ ಹೆಸರಿನಲ್ಲಿಯೇ ಸೇರಿಸಿಕೊಂಡದ್ದು ಇದಕ್ಕಾಗಿಯೇ.

ಇನ್ನು ನಮ್ಮ ಮನೆಗಳ ಮಾತು. 14 ವರ್ಷದೊಳಗಿನ ಮಕ್ಕಳನ್ನು ಮನೆಗೆಲಸಕ್ಕಿಡುವುದು 2006ರ ಅಕ್ಟೋಬರ್ 10ರಿಂದಲೇ ನಿಷಿದ್ಧ. "ಮಗಳಂತೆ ನೋಡಿಕೊಳ್ಳುತ್ತೇವೆ" ಎಂಬ ಸಮಾಧಾನ ಸಲ್ಲದು. ಮಗಳೇ ಆಗಿದ್ದರೆ ಅವಳು ನಮ್ಮ ಮಕ್ಕಳೊಡನೆ ಶಾಲೆಗೆ ಹೋಗುತ್ತಿದ್ದಳು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆಯೆಂದು ತಿಳಿದವರು ದೂರು ನೀಡಲೇಬೇಕೆಂದು 2012ರ ಪೋಕ್ಸೊ ಕಾಯಿದೆ ವಿಧಿಸುತ್ತದೆ. ಮನೆತನದ ಮರ್ಯಾದೆಯ ಹೆಸರಿನಲ್ಲಾಗಲಿ, ಸಂಸ್ಥೆಯ ಗೌರವದ ಹೆಸರಿನಲ್ಲಾಗಲಿ ಮುಚ್ಚಿಡುವುದು ಅಪರಾಧ. ನಾವು ಗುರುಗಳೂ ಇದಕ್ಕೆ ಹೊರತಲ್ಲ.

ಸುಡಾನಿನಲ್ಲಿ ಎಳೆಯ ವಯಸ್ಸಿನಲ್ಲೇ ಅಪಹೃತಳಾಗಿ ಹಲವು ಸಲ ಮಾರಲ್ಪಟ್ಟ ಸಂತ ಜೋಸೆಫಿನ್ ಬಖಿತಾ, 1889ರಲ್ಲಿ ಇಟಲಿಯ ನ್ಯಾಯಾಲಯದ ತೀರ್ಪಿನಿಂದ ಸ್ವತಂತ್ರಳಾದಳು. ಆಕೆಗೆ ಆಶ್ರಯವಿತ್ತ ಕನ್ಯಾಸ್ತ್ರೀಯರು ಅಧಿಕಾರಿಗಳ ಬಾಗಿಲು ತಟ್ಟದಿದ್ದರೆ ಆ ತೀರ್ಪು ಬರುತ್ತಿರಲಿಲ್ಲ. ಫೆಬ್ರವರಿ 8 ಆಕೆಯ ಹಬ್ಬ. ಅಂದು ಪ್ರಾರ್ಥಿಸೋಣ, ಅದಕ್ಕೂ ಮೊದಲು ಪ್ರತಿಯೊಂದು ವಾಳೆಯಲ್ಲಿ ಶಾಲೆ ಬಿಟ್ಟ ಮಕ್ಕಳು ಎಲ್ಲಿದ್ದಾರೆಂದು ವಿಚಾರಿಸೋಣ. ಅನುಮಾನ ಬಂದಲ್ಲಿ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸೋಣ. ನೂರು ವರ್ಷ ತುಂಬಿದ ಈ ದೇವಾಲಯದ ನೆರಳಿನಲ್ಲಿ ಒಂದು ಮಗುವೂ ಮಾರಾಟದ ವಸ್ತುವಾಗದಿರಲಿ.

ದೇವರು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.