ದತ್ತಿ ಮತ್ತು ದತ್ತಾಂಶ: ಸಂಶೋಧನಾ ಆಡಳಿತದ ಕಡತಗಳನ್ನು ಕುರಿತು



ಇಂದಿನ ವಿಷಯ ಕೇಳಿ ಕೆಲವರಿಗೆ ಆಗಲೇ ಆಕಳಿಕೆ ಬಂದಿರಬಹುದು. ಅದಕ್ಕೇ ಕಡತ ಬಿಟ್ಟು ಕಲ್ಲಿನಿಂದ ಶುರುಮಾಡುತ್ತೇನೆ. ಹಳೆಯ ಗುಡಿಯ ಮುಂದೆ ನಿಂತ ದತ್ತಿ ಶಾಸನವೊಂದನ್ನು ನೆನೆಯಿರಿ. ಆಳುವ ಅರಸ, ಶಕವರ್ಷ, ಸಂವತ್ಸರ, ಮಾಸ, ತಿಥಿ, ವಾರ, ಕೊಟ್ಟವರು, ಪಡೆದವರು, ಉದ್ದೇಶ, ಭೂಮಿಯ ಎಲ್ಲೆ, ಕೊನೆಗೆ ಕೆಡಿಸಿದವರಿಗೆ ಶಾಪ. ಊರು ಬೇರೆಯಾಗಲಿ, ಅರಸುಮನೆತನ ಬೇರೆಯಾಗಲಿ, ಕ್ರಮ ಹೆಚ್ಚುಕಡಿಮೆ ಇದೇ. ಸಂಶೋಧನಾ ಅನುದಾನದ ಕಡತದಲ್ಲಿಯೂ ಇರಬೇಕಾದ್ದು ಇಷ್ಟೇ. ದತ್ತಿ, ದತ್ತಾಂಶ ಎರಡರಲ್ಲೂ ಇರುವುದು ‘ದತ್ತ’, ಅಂದರೆ ಕೊಟ್ಟದ್ದು.

ಕ್ರಮವಿದ್ದರೆ ಸಾಲದು, ಪದದ ಅರ್ಥವೂ ಗೊತ್ತಾಗಬೇಕು. ಶಾಸನದ ಶಕವರ್ಷ ಸಂದದ್ದೋ, ನಡೆಯುತ್ತಿದ್ದದ್ದೋ ತಿಳಿಯದಿದ್ದರೆ ಕಾಲನಿರ್ಣಯ ಒಂದು ವರ್ಷ ಆಚೀಚೆ ಆಗುತ್ತದೆ. ಈ ತೊಡಕು ನಮ್ಮನ್ನು ಇನ್ನೂ ಬಿಟ್ಟಿಲ್ಲ. ನಾನು ವಿಭಾಗದ ಮುಖ್ಯಸ್ಥನಾಗಿದ್ದಾಗ ‘ಈ ವರ್ಷದ ಪ್ರಕಟಣೆಗಳು’ ಎಂದು ಮೂರು ಕಡೆಯಿಂದ ಪತ್ರ ಬಂತು. ಒಬ್ಬರ ವರ್ಷ ಜನವರಿಯಿಂದ, ಇನ್ನೊಬ್ಬರದು ಏಪ್ರಿಲ್‌ನಿಂದ, ಮತ್ತೊಬ್ಬರದು ಕಾಲೇಜು ತೆರೆದ ದಿನದಿಂದ. ಮೂರು ಪಟ್ಟಿ, ಮೂರು ಮೊತ್ತ. ಸುಳ್ಳು ಯಾವುದೂ ಅಲ್ಲ, ಆದರೂ ಉತ್ತರ ಕೊಡುವ ಪಾಡು ನನ್ನದಾಯಿತು! ‘ಯೋಜನೆ ಮುಗಿಯಿತು’ ಎಂಬ ಮಾತೂ ಹಾಗೆಯೇ. ವಿಜ್ಞಾನಿಗೆ ಪ್ರಯೋಗ ನಿಂತಾಗ ಮುಗಿಯಿತು. ಲೆಕ್ಕಪತ್ರ ವಿಭಾಗಕ್ಕೆ ಹಣ ಬಳಕೆ ಪ್ರಮಾಣಪತ್ರ ಹೋದಾಗ. ಹಣ ಕೊಟ್ಟವರಿಗೆ ಅಂತಿಮ ವರದಿ ಒಪ್ಪಿಗೆಯಾದಾಗ. ಏಕರೂಪತೆ ಎಂದರೆ ಎಲ್ಲರಿಗೂ ಒಂದೇ ಫಾರಂ ಹಂಚುವುದಲ್ಲ. ಪದಕ್ಕೆ ಮೊದಲೇ ಅರ್ಥ ಕಟ್ಟಿಕೊಳ್ಳುವುದು.

ಇನ್ನು ಗುರುತಿನ ಮಾತು. ಬಿ. ಎಲ್. ರೈಸ್ ಅವರ ಶಾಸನ ಸಂಕಲನ ಎಪಿಗ್ರಾಫಿಯಾ ಕರ್ನಾಟಿಕಾದ ಮೊದಲ ಸಂಪುಟ 1886ರಲ್ಲಿ ಬಂತು. ತಾಲ್ಲೂಕಿನ ಹೆಸರು, ಮುಂದೊಂದು ಅಂಕಿ. ಅಷ್ಟರಿಂದಲೇ ಕಲ್ಲು ಸಿಗುತ್ತಿತ್ತು. 1972ರಿಂದ ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಸಂಪುಟಗಳು ಬರತೊಡಗಿದವು, ಅಂಕಿಗಳೂ ಬದಲಾದವು. ಹಳೆಯದೋ ಪರಿಷ್ಕೃತವೋ ಎಂದು ಅಡಿಟಿಪ್ಪಣಿ ಹೇಳದಿದ್ದರೆ ಓದುಗ ಇನ್ನಾವುದೋ ಕಲ್ಲಿನ ಮುಂದೆ ನಿಲ್ಲುತ್ತಾನೆ.

ಕಲ್ಲಿನ ಗತಿಯೇ ಹೀಗಾದರೆ ಮನುಷ್ಯರದು? 1962ರಲ್ಲಿ ಬೆಂಗಳೂರಿನಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರ ಆರಂಭಿಸಿದ, ಗ್ರಂಥಾಲಯ ವಿಜ್ಞಾನದ ಗುರು ಎಸ್. ಆರ್. ರಂಗನಾಥನ್ ಅವರ ಹೆಸರನ್ನೇ ನೋಡಿ. ‘ಎಸ್.’ ಎಂದರೆ ಶಿಯಾಳಿ, ಅದು ಊರು. ‘ಆರ್.’ ಎಂದರೆ ರಾಮಾಮೃತ, ಅದು ತಂದೆಯ ಹೆಸರು. ನಮ್ಮವರ ಹೆಸರೂ ಇದೇ ಜಾಡಿನದು. ‘ಸರ್‌ನೇಮ್’ ಎಂಬ ಖಾನೆ ಕಂಡರೆ ಒಮ್ಮೆ ಊರು ಬರೆಯುತ್ತೇವೆ, ಒಮ್ಮೆ ತಂದೆಯ ಹೆಸರು, ಬೇಸರವಾದರೆ ಒಂದು ಚುಕ್ಕೆ. ಗಣಕಕ್ಕೆ ಒಬ್ಬರೇ ಮೂರು ಜನ. 2012ರ ಅಕ್ಟೋಬರ್‌ನಲ್ಲಿ ಬಂದ, ಸಂಶೋಧಕರನ್ನು ಗುರುತಿಸುವ ಆರ್ಕಿಡ್ (ORCID) ಸಂಖ್ಯೆ ಈ ಗೋಜಲಿಗೆ ಮದ್ದು. ಅದಕ್ಕೆ ಹದಿನಾರು ಸ್ಥಾನ. ಕೊನೆಯದು ಹಿಂದಿನ ಹದಿನೈದನ್ನು ತಾಳೆ ನೋಡುತ್ತದೆ. ಒಂದು ಅಂಕಿ ತಪ್ಪಿದರೂ ಸಿಕ್ಕಿಬೀಳುತ್ತದೆ.

ವ್ಯಕ್ತಿಯನ್ನು ಗುರುತಿಸಿದ ಮೇಲೆ ಸಂಬಂಧವನ್ನು ಬರೆಯಬೇಕು. ಸಂಶೋಧನಾ ಮಾಹಿತಿಗೆಂದು ಯುರೋಪಿನವರು ಮಾಡಿದ ‘ಸೆರಿಫ್’ (CERIF) ಮಾದರಿಯನ್ನು 2002ರಿಂದ ಯೂರೋಕ್ರಿಸ್ ಸಂಸ್ಥೆ ನೋಡಿಕೊಳ್ಳುತ್ತಿದೆ. ಅದರಲ್ಲಿ ವ್ಯಕ್ತಿ, ಸಂಸ್ಥೆ, ಯೋಜನೆ ಬೇರೆಬೇರೆ. ಅವನ್ನು ಬೆಸೆಯುವ ಕೊಂಡಿಗೆ ಪಾತ್ರವೂ ಉಂಟು, ಆರಂಭ, ಮುಕ್ತಾಯದ ದಿನಾಂಕಗಳೂ ಉಂಟು. ಪ್ರಾಧ್ಯಾಪಕರು ಬೇರೆ ವಿಶ್ವವಿದ್ಯಾಲಯಕ್ಕೆ ಹೋದರೆ ಹಳೆಯ ಸಾಲನ್ನು ಅಳಿಸುವುದಿಲ್ಲ. ಅದಕ್ಕೊಂದು ಮುಕ್ತಾಯದ ದಿನಾಂಕ ಬೀಳುತ್ತದೆ, ಹೊಸ ಸಾಲು ಹುಟ್ಟುತ್ತದೆ. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಮೂರಾದಾಗ ಅಂದಿನವರೆಗಿನ ಸಂಶೋಧನೆ ಯಾರ ಲೆಕ್ಕಕ್ಕೆ? ತಾರೀಖಿನ ಕೊಂಡಿ ಇದ್ದರೆ ಜಗಳವಿಲ್ಲ.

ನಮ್ಮಲ್ಲಿ ಏನೂ ಆಗಿಲ್ಲವೆನ್ನಲಾರೆ. ಪ್ರಬಂಧದ ವಿದ್ಯುನ್ಮಾನ ಪ್ರತಿ ಸಲ್ಲಿಸಬೇಕೆಂದು ಯುಜಿಸಿ 2009ರಲ್ಲೇ ನಿಯಮ ಮಾಡಿತು. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ ಶೋಧಗಂಗಾದಲ್ಲಿ ಅವು ಸೇರುತ್ತಿವೆ. ಕನ್ನಡದ್ದೊಂದು ಕೇಳಿಕೆ ಮಾತ್ರ ಇದೆ. ನಮ್ಮ ಶೀರ್ಷಿಕೆಗಳನ್ನು ರೋಮನ್ ಲಿಪಿಯಲ್ಲಿ ಮನಬಂದಂತೆ ಬರೆದರೆ ‘ವಚನ’ ಹುಡುಕುವವರಿಗೆ ವಚನ ಸಿಗದು. ಕನ್ನಡ ಲಿಪಿಯ ಶೀರ್ಷಿಕೆಗೆ ಕಡ್ಡಾಯವಾಗಿ ಒಂದು ಖಾನೆ ಇರಲಿ. ಲಿಪ್ಯಂತರಕ್ಕೆ 2001ರ ಐಎಸ್‌ಒ 15919 ಇದ್ದೇ ಇದೆ.

ಕೊನೆಯದಾಗಿ, ನಂದಾದೀಪಕ್ಕೆ ದತ್ತಿ ಬಿಟ್ಟವರು ದೀಪವನ್ನಷ್ಟೇ ಕೊಡಲಿಲ್ಲ. ದಿನದಿನದ ಎಣ್ಣೆಗೆಂದು ಭೂಮಿಯನ್ನೋ ಹೊನ್ನನ್ನೋ ಬಿಟ್ಟರು. ನಾವು ತಂತ್ರಾಂಶ ಕೊಳ್ಳಲು ಹಣ ಇಡುತ್ತೇವೆ, ದಾಖಲೆ ತಿದ್ದುತ್ತ ಕೂರುವವರಿಗೆ ಇಡುವುದಿಲ್ಲ. ತಾತ್ಕಾಲಿಕ ಸಹಾಯಕರ ಒಪ್ಪಂದ ಮುಗಿದ ದಿನ ಪಾಸ್‌ವರ್ಡ್ ಕೂಡ ಅವರೊಂದಿಗೇ ಹೋಗುತ್ತದೆ. ಪ್ರತಿ ವಿಶ್ವವಿದ್ಯಾಲಯದಲ್ಲೂ ದಾಖಲೆ ತಿದ್ದುವುದನ್ನೇ ಕಸುಬಾಗಿ ಮಾಡುವ ಒಬ್ಬ ಕಾಯಂ ನೌಕರರು ಇರಲಿ. ಎಣ್ಣೆಗೆ ಗತಿಯಿಲ್ಲದ ದೀಪವನ್ನು ನಮ್ಮ ಹಿರಿಯರು ಹಚ್ಚುತ್ತಿರಲಿಲ್ಲ.