ಓದುವ ಮಕ್ಕಳ ಇನ್ನೊಂದು ಅಂಕಿ
(ಟ್ರಸ್ಟಿನ ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು ಮಾಡಿದ ಭಾಷಣ)



ಮಾನ್ಯ ಅಧ್ಯಕ್ಷರೇ, ಪದಾಧಿಕಾರಿಗಳೇ, ಉದಾರ ದಾನಿಗಳೇ, ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳಿಂದ ಬಂದಿರುವ ತಾಯಿ-ತಂದೆಯರೇ, ಪ್ರೀತಿಯ ಮಕ್ಕಳೇ,

ನಿಮ್ಮ ಮಗುವಿಗೆ ಎಸ್‌ಎಸ್‌ಎಲ್‌ಸಿಯಲ್ಲಿ ಎಷ್ಟು ಅಂಕ ಬಂತು ಎಂದು ಕೇಳಿದರೆ ಇಲ್ಲಿರುವ ಎಲ್ಲರೂ ತಟ್ಟನೆ ಹೇಳುತ್ತೀರಿ. ಅದೇ ಮಗುವಿನ ಹಿಮೋಗ್ಲೋಬಿನ್ ಎಷ್ಟು ಎಂದು ಕೇಳಿದರೆ ಹೇಳುವವರು ಕಡಿಮೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದ ನಾನು ಇಂದು ಆ ಎರಡನೆಯ ಅಂಕಿಯ ಬಗ್ಗೆ ಮಾತಾಡಬೇಕೆಂದಿದ್ದೇನೆ. ಅದು ಕಡಿಮೆಯಾದರೆ ಮೊದಲನೆಯದೂ ಇಳಿಯುತ್ತದೆ.

ರಕ್ತಕ್ಕೆ ಕೆಂಪು ಬಣ್ಣ ಕೊಡುವುದು ಹಿಮೋಗ್ಲೋಬಿನ್. ನಾವು ಉಸಿರಾಡಿದ ಗಾಳಿಯ ಆಮ್ಲಜನಕವನ್ನು ಮಿದುಳಿಗೆ, ಕೈಕಾಲಿಗೆ ಹೊತ್ತೊಯ್ಯುವುದು ಅದೇ. ಅದು ತಯಾರಾಗಲು ಕಬ್ಬಿಣ ಬೇಕೇ ಬೇಕು. ಹದಿನೈದು ದಾಟಿದ ಹುಡುಗಿಯರಲ್ಲಿ ಅದು ಡೆಸಿಲೀಟರಿಗೆ 12 ಗ್ರಾಂಗಿಂತ, ಅದೇ ವಯಸ್ಸಿನ ಹುಡುಗರಲ್ಲಿ 13 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ ಎನ್ನುತ್ತಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ. 59ರಷ್ಟು ಮಂದಿಗೆ, ಹುಡುಗರಲ್ಲಿ ಶೇ. 31ರಷ್ಟು ಮಂದಿಗೆ ರಕ್ತ ಕಡಿಮೆ. ಹುಡುಗರ ತಂದೆ-ತಾಯಿಯರೂ ಇದು ತಮಗೆ ಸಂಬಂಧಿಸಿದ್ದಲ್ಲ ಎಂದುಕೊಳ್ಳಬಾರದು.

ಈ ವಯಸ್ಸಿನಲ್ಲೇ ಯಾಕೆ? ಮಕ್ಕಳು ಸರಸರನೆ ಬೆಳೆಯುವ ಕಾಲ ಇದು. ಮೈ ಬೆಳೆದಷ್ಟೂ ರಕ್ತ ಹೆಚ್ಚಬೇಕು. ಅದರ ಮೇಲೆ ಹುಡುಗಿಯರಿಗೆ ತಿಂಗಳ ಮುಟ್ಟು. ಒಂದು ಮಿಲಿಲೀಟರ್ ರಕ್ತ ಹೋದರೆ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣ ಹೋದಂತೆ. ಹೊಟ್ಟೆಯಲ್ಲಿ ಜಂತುಹುಳು ಇದ್ದರೆ ಇನ್ನಷ್ಟು ನಷ್ಟ.

ತರಗತಿಯಲ್ಲಿ ಇದನ್ನು ನಾನು ಬಹಳ ನೋಡಿದ್ದೇನೆ. ಮಧ್ಯಾಹ್ನದ ಹೊತ್ತಿಗೆ ಡೆಸ್ಕಿನ ಮೇಲೆ ತಲೆ ಇಡುವ ಹುಡುಗಿ, ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವ ಹುಡುಗ, ಪ್ರಾರ್ಥನೆಯ ಸಾಲಿನಲ್ಲಿ ಕಣ್ಣು ಕತ್ತಲೆ ಬಂದು ಕುಳಿತುಬಿಡುವವರು. ಒಂಬತ್ತನೆಯ ತರಗತಿಯ ಒಬ್ಬಳು ದಿನಾ ಬಳಪ, ಚಾಕ್‌ಪೀಸ್ ತಿನ್ನುತ್ತಿದ್ದಳು. "ಯಾಕವ್ವ ತಿಂತಿ?" ಎಂದರೆ "ಗೊತ್ತಿಲ್ರೀ ಅಕ್ಕೋರೆ, ಬಾಯಿ ಬೇಡತೈತಿ" ಎನ್ನುತ್ತಿದ್ದಳು. ಮನೆಯವರು ಅದನ್ನು ಕೆಟ್ಟ ಚಟ ಅಂದುಕೊಂಡಿದ್ದರು. ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ ಬರೀ 8 ಇತ್ತು. ವೈದ್ಯರು ಹೇಳಿದಂತೆ ಮೂರು ತಿಂಗಳು ಗುಳಿಗೆ ನುಂಗಿದ ಮೇಲೆ ಬಳಪ ತಾನಾಗಿಯೇ ಬಿಟ್ಟುಹೋಯಿತು. ಮಣ್ಣು, ಬಳಪ, ಹಸಿ ಅಕ್ಕಿ ತಿನ್ನುವ ಮಕ್ಕಳಿದ್ದರೆ ಬಯ್ಯುವ ಮೊದಲು ರಕ್ತ ಪರೀಕ್ಷೆ ಮಾಡಿಸಿ.

ನನಗೆ ಹೆಚ್ಚು ಚಿಂತೆಯಾಗುವುದು ಮುಂದಿನ ಹಂತದ್ದು. ಪಿಯುಸಿಗೆ ಬಂದ ಹುಡುಗಿ ತಲೆನೋವು, ಸುಸ್ತು ಎನ್ನುತ್ತಾಳೆ. "ಅಕಿಗೆ ಓದು ಜಡ ಆಗೈತಿ, ಸಾಕು ಬಿಡಿಸ್ರಿ" ಎಂಬ ಮಾತು ಮನೆಯಲ್ಲಿ ಬರುತ್ತದೆ. ಓದು ಜಡವಾಗಿಲ್ಲ, ಕಬ್ಬಿಣ ಕಡಿಮೆಯಾಗಿದೆ. ಬೇಗ ಮದುವೆಯಾದರೆ ಅದೇ ತೆಳುವಾದ ರಕ್ತದಲ್ಲಿ ಬಸಿರು, ಬಾಣಂತನ. ಅದರ ಅಪಾಯ ಏನೆಂದು ತಾಯಂದಿರಿಗೆ ನಾನು ಬಿಡಿಸಿ ಹೇಳಬೇಕಿಲ್ಲ.

ಊಟದ ವಿಷಯಕ್ಕೆ ಬರುತ್ತೇನೆ. ನಮ್ಮಲ್ಲಿ ರಕ್ತ ಕಡಿಮೆ ಎಂದ ಕೂಡಲೇ ದಾಳಿಂಬೆ ತರುತ್ತಾರೆ. ನಮ್ಮ ಜಿಲ್ಲೆಯ ದಾಳಿಂಬೆ ಒಳ್ಳೆಯ ಹಣ್ಣು, ಆದರೆ ಬಣ್ಣ ಕೆಂಪಾದ ಮಾತ್ರಕ್ಕೆ ಅದರಲ್ಲಿ ಕಬ್ಬಿಣ ಇರುವುದಿಲ್ಲ. ಇರುವುದು ತೀರಾ ಅತ್ಯಲ್ಪ. ಮಹಾಲಿಂಗಪುರದ ಬೆಲ್ಲದಲ್ಲಿ ಕಬ್ಬಿಣ ಉಂಟು, ಆದರೆ ಒಂದು ಚೂರು ಬೆಲ್ಲದಿಂದ ಅರ್ಧ ಮಿಲಿಗ್ರಾಂ ಸಿಕ್ಕರೆ ಹೆಚ್ಚು. 13ರಿಂದ 15 ವರ್ಷದ ಹುಡುಗಿಗೆ ದಿನಕ್ಕೆ ಸುಮಾರು 30 ಮಿಲಿಗ್ರಾಂ ಬೇಕು.

ಹಾಗಾದರೆ ಎಲ್ಲಿದೆ? ನಮ್ಮ ಹಳೆಯ ಅಡುಗೆಯಲ್ಲೇ ಇದೆ. ನೂರು ಗ್ರಾಂ ಸಜ್ಜೆಯಲ್ಲಿ ಸುಮಾರು 6 ಮಿಲಿಗ್ರಾಂ, ಜೋಳದಲ್ಲಿ ಸುಮಾರು 4. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಒಂದೂ ಇಲ್ಲ. ಸಜ್ಜಿ ರೊಟ್ಟಿ, ಮೊಳಕೆ ಬರಿಸಿದ ಮಡಕಿ ಕಾಳು, ಹುರಳಿ, ಸೊಪ್ಪಿನ ಪಲ್ಯ ಇವು ತಟ್ಟೆಯಲ್ಲಿರಲಿ. ಮೇಲೆ ನಿಂಬೆಹಣ್ಣು ಹಿಂಡಿ. ಕಾಳು-ಸೊಪ್ಪಿನ ಕಬ್ಬಿಣ ಮೈಗೆ ಹತ್ತಲು ಹುಳಿ ಬೇಕು. ಚಹಾ ಮಾತ್ರ ಊಟದ ಜೊತೆ ಬೇಡ, ಒಂದು ತಾಸು ಬಿಟ್ಟು ಕುಡಿಯಿರಿ. ಮಗ್ಗದ ಮನೆಗಳಲ್ಲಿ ರೊಟ್ಟಿಗೂ ಚಹಾ, ಹಸಿವಿಗೂ ಚಹಾ. ಆ ಚಹಾ ಊಟದ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ.

ಮಾಂಸದಲ್ಲಿರುವ ಕಬ್ಬಿಣ ಎಲ್ಲಕ್ಕಿಂತ ಸುಲಭವಾಗಿ ಹತ್ತುತ್ತದೆ, ಕಲೇಜಿಯಲ್ಲಂತೂ ಅದು ಹೇರಳ. ಬಕ್ರೀದ್ ದಿನ ಕಲೇಜಿ ಮೊದಲು ಯಾರ ತಟ್ಟೆಗೆ ಹೋಗುತ್ತದೆ ಎಂದು ನೆನಪಿಸಿಕೊಳ್ಳಿ. ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವ ಮಗಳ ತಟ್ಟೆಗೆ ಅದು ಬರುವುದು ಅಪರೂಪ. ಇದಕ್ಕೆ ಹೊಸ ಖರ್ಚು ಬೇಡ, ಬಡಿಸುವ ಸರದಿ ಬದಲಾದರೆ ಸಾಕು.

ಊಟವೊಂದೇ ಸಾಲದು ಎಂದೇ ಸರ್ಕಾರ ಗುಳಿಗೆ ಕೊಡುತ್ತಿದೆ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ 6ರಿಂದ 12ನೆಯ ತರಗತಿಯವರಿಗೆ ವಾರಕ್ಕೊಂದು ನೀಲಿ ಗುಳಿಗೆ. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣ, ಜೊತೆಗೆ ಫೋಲಿಕ್ ಆಮ್ಲ. ಶಾಲೆ ಬಿಟ್ಟ ಹುಡುಗಿಯರಿಗೆ ಅಂಗನವಾಡಿಯಲ್ಲಿ ಸಿಗುತ್ತದೆ. ಜಂತುಹುಳುವಿನ ಗುಳಿಗೆಯನ್ನೂ ಕೊಡುತ್ತಾರೆ. ಆದರೆ ಎಷ್ಟೋ ನೀಲಿ ಗುಳಿಗೆಗಳು ಕಿಟಕಿಯಿಂದಾಚೆ ಬೀಳುತ್ತವೆ. ಮಲ ಕಪ್ಪಾಗುತ್ತದೆ, ಹೊಟ್ಟೆ ತೊಳಸುತ್ತದೆ ಎಂಬ ಭಯ. ಮಲ ಕಪ್ಪಾಗುವುದು ಸಹಜ, ಅಪಾಯವಲ್ಲ. ಹೊಟ್ಟೆ ತುಂಬಿದ ಮೇಲೆ ನುಂಗಿದರೆ ತೊಳಸುವುದು ಕಡಿಮೆ. ರಂಜಾನ್ ತಿಂಗಳಲ್ಲಿ ಬಿಡಬೇಕಾಗಿಲ್ಲ, ಇಫ್ತಾರ್ ಆಗಿ ಊಟ ಮಾಡಿದ ಮೇಲೆ ನುಂಗಬಹುದು.

ಒಂದು ಎಚ್ಚರಿಕೆ. ವಾರದ ಗುಳಿಗೆ ರಕ್ತ ಕಡಿಮೆಯಾಗದಂತೆ ತಡೆಯಲು. ಈಗಾಗಲೇ ಕಡಿಮೆಯಿದ್ದರೆ ವೈದ್ಯರು ದಿನದ ಗುಳಿಗೆ ಬರೆಯುತ್ತಾರೆ. ಹುರುಪು ಬಂತೆಂದು ನಡುವೆ ಬಿಡಬಾರದು, ಅವರು ಹೇಳಿದಷ್ಟು ದಿನ ಮುಗಿಸಬೇಕು. ಆಗಲೂ ಅಂಕಿ ಏರದಿದ್ದರೆ ಬೇರೆ ಕಾರಣ ಇರಬಹುದು: ಬಿ12 ಕೊರತೆ, ಇಲ್ಲವೇ ವಂಶದಲ್ಲಿ ಬರುವ ಥಲಸ್ಸೀಮಿಯಾ. ಮತ್ತೆ ವೈದ್ಯರಲ್ಲಿಗೇ ಹೋಗಿ, ಅಂಗಡಿಯ ಟಾನಿಕ್ಕಿಗೆ ಹಣ ಸುರಿಯಬೇಡಿ.

ಕೊನೆಗೆ ದಾನಿಗಳಲ್ಲಿ ಮತ್ತು ಟ್ರಸ್ಟಿನಲ್ಲಿ ನನ್ನ ವಿನಂತಿ. ಸರ್ಕಾರಿ ಆಸ್ಪತ್ರೆಯವರ ನೆರವು ಪಡೆದು ವಿದ್ಯಾರ್ಥಿವೇತನ ಪಡೆಯುವ ಪ್ರತಿ ಮಗುವಿಗೂ ವರ್ಷಕ್ಕೊಮ್ಮೆ ಹಿಮೋಗ್ಲೋಬಿನ್ ಪರೀಕ್ಷೆ ಆಗಲಿ. ಆದರೆ ಅದು ಅರ್ಜಿಯ ಷರತ್ತಾಗಬಾರದು. ರಕ್ತ ಕಡಿಮೆ ಎಂದು ಒಂದು ಮಗುವಿನ ವೇತನವೂ ನಿಲ್ಲಬಾರದು. ಫಲಿತಾಂಶದ ಚೀಟಿ ಮಗುವಿನ ಮತ್ತು ತಾಯಿಯ ಕೈಗಷ್ಟೇ ಹೋಗಲಿ. ಓಣಿಯಲ್ಲಿ ಸುದ್ದಿಯಾದರೆ ನಾಳೆ ಸಂಬಂಧ ಕೇಳಲು ಬರುವವರು ಅದನ್ನೇ ಎತ್ತುತ್ತಾರೆ ಎಂಬ ಹೆದರಿಕೆ ನಮ್ಮ ತಾಯಂದಿರಿಗಿದೆ. ಆ ಹೆದರಿಕೆಗೇ ಹುಡುಗಿಯರು ಪರೀಕ್ಷೆಗೆ ಬರುವುದಿಲ್ಲ.

ಸರ್ಕಾರಿ ಗುಳಿಗೆಗೆ ದುಡ್ಡಿಲ್ಲ. ಮೂರು ತಿಂಗಳ ನಂತರ ಆ ಮಗು ಮರುಪರೀಕ್ಷೆಗೆ ಬಂತೇ ಎಂದು ವಿಚಾರಿಸುವವರು ಬೇಕು, ಹಳ್ಳಿಯಿಂದ ಬರುವವರಿಗೆ ಬಸ್ಸಿನ ಖರ್ಚು ಬೇಕು. ನೀವು ಕೊಡುವ ಫೀಯ ಪಕ್ಕದಲ್ಲಿ ಇದು ಬಹಳ ಸಣ್ಣ ಮೊತ್ತ. ಇದಿಲ್ಲದಿದ್ದರೆ ನೀವು ಫೀ ಕಟ್ಟಿದ ಮಗು ಪುಸ್ತಕ ತೆರೆದು ಕುಳಿತೂ ಓದಲಾರದು.

ಮಕ್ಕಳೇ, ಮುಂದಿನ ವರ್ಷ ಅರ್ಜಿ ತುಂಬುವಾಗ ನಿಮಗೆ ಎರಡೂ ಅಂಕಿಗಳು ಗೊತ್ತಿರಲಿ. ನೀವೆಲ್ಲ ಚೆನ್ನಾಗಿ ಉಂಡು, ಚೆನ್ನಾಗಿ ಓದಿ.